ಹುಟ್ಟಿನ ಮೇಲೆ ಹೊರಿಸಿದ ಅಪರಾಧ: 1871ರ ಕಾಯಿದೆ ಮತ್ತು ಕನ್ನಡ ನಾಡು

ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ವಿದ್ಯುಚ್ಚೋರ ರಿಸಿಯ ಕಥೆ ಅಪರಾಧ ಮತ್ತು ದಂಡನೆಯ ಚರಿತ್ರೆಯನ್ನು ಅಭ್ಯಸಿಸುವವರು ಮತ್ತೊಮ್ಮೆ ಓದಬೇಕಾದ ಕಥೆ. ಅದರ ನಾಯಕ ಕಳ್ಳ. ಆದರೆ ಹುಟ್ಟಿನಿಂದ ಅರಸುಮಗ. ಅವನ ಎಳವೆಯ ಗೆಳೆಯ ಯಮದಂಡ ತಳಾರನ ಮಗ. ಒಬ್ಬನು ಕಳವಿನ ವಿದ್ಯೆಯನ್ನು, ಇನ್ನೊಬ್ಬನು ಕಳ್ಳರನ್ನು ಹಿಡಿಯುವ ವಿದ್ಯೆಯನ್ನು ಕಲಿಯುತ್ತಾರೆ. ಮುಂದೆ ಯಮದಂಡ ತಳಾರನಾಗಿರುವ ಪಟ್ಟಣದಲ್ಲಿಯೇ ವಿದ್ಯುಚ್ಚೋರ ಹಗಲು ಕುಷ್ಠರೋಗಿಯಂತೆ ಬಿದ್ದುಕೊಂಡಿದ್ದು ಇರುಳು ಅರಮನೆಯ ಹಾರವನ್ನು ಕದಿಯುತ್ತಾನೆ. ತಳಾರ ಗುಮಾನಿಯ ಮೇಲೆ ಅವನನ್ನೇ ಹಿಡಿದು ತರುತ್ತಾನೆ. ಬಗೆಬಗೆಯ ಹಿಂಸೆ ಕೊಟ್ಟರೂ ಅವನು ಬಾಯಿ ಬಿಡುವುದಿಲ್ಲ. ಆಗ ಅರಸನ ಕೋಪ ತಳಾರನ ಮೇಲೆಯೇ ತಿರುಗುತ್ತದೆ. ಗೆಳೆಯನ ಪ್ರಾಣಕ್ಕೆ ಸಂಚಕಾರ ಬಂದಾಗ ಕಳ್ಳ ತಾನೇ ನಿಜವನ್ನು ನುಡಿಯುತ್ತಾನೆ. ಕಡೆಗೆ ಎಲ್ಲವನ್ನೂ ತೊರೆದು ತಪಸ್ಸಿಗೆ ಹೋಗುತ್ತಾನೆ.

ಈ ಕಥೆಯ ರಾಜ್ಯವೇನೂ ಮೃದುವಾದುದಲ್ಲ. ಆದರೂ ಅಪರಾಧದ ಬಗೆಗೆ ಅದು ಇಟ್ಟುಕೊಂಡಿರುವ ಎರಡು ಗ್ರಹಿಕೆಗಳು ಗಮನಾರ್ಹ. ಕಳವು ಕಲಿತು ಬಂದದ್ದೇ ಹೊರತು ಕುಲದಿಂದ ಬಂದದ್ದಲ್ಲ, ಕಲಿತದ್ದನ್ನು ಬಿಡಲೂಬಹುದು. ತಳಾರನ ಗುಮಾನಿ ಸರಿಯಾಗಿಯೇ ಇತ್ತು ಎಂಬುದು ಓದುಗರಿಗೆ ಗೊತ್ತು. ಆದರೆ ಸರಿಯಾದ ಗುಮಾನಿಯೂ ಅರಸನ ಮುಂದೆ ಪುರಾವೆಯ ಸ್ಥಾನವನ್ನು ಪಡೆಯುವುದಿಲ್ಲ. ಈ ಎರಡೂ ಗ್ರಹಿಕೆಗಳನ್ನು ತಲೆಕೆಳಗು ಮಾಡಿದ ಕಾನೂನೊಂದು 1871ರ ಅಕ್ಟೋಬರ್‌ನಲ್ಲಿ ಭಾರತದಲ್ಲಿ ಜಾರಿಗೆ ಬಂದಿತು. ಅದರ ಹೆಸರು ಅಪರಾಧಿ ಬುಡಕಟ್ಟುಗಳ ಕಾಯಿದೆ.

ಆ ಮಸೂದೆಯ ಪರವಾಗಿ ಮಂಡಿತವಾದ ವಾದ ಸರಳವಾಗಿತ್ತು. ಈ ದೇಶದಲ್ಲಿ ನೇಕಾರನ ಮಗ ನೇಕಾರನಾಗುತ್ತಾನೆ, ಬಡಗಿಯ ಮಗ ಬಡಗಿಯಾಗುತ್ತಾನೆ. ಹಾಗೆಯೇ ಕಳ್ಳತನವನ್ನೇ ಕುಲಕಸುಬಾಗಿ ಮಾಡಿಕೊಂಡ ಜಾತಿಗಳೂ ಇರಲೇಬೇಕು. ಜಾತಿವ್ಯವಸ್ಥೆಯನ್ನು ಅರ್ಥಮಾಡಿಕೊಂಡೆವೆಂಬ ಆಳರಸರ ಭ್ರಮೆಯೂ ಯೂರೋಪಿನಲ್ಲಿ ಆ ಕಾಲಕ್ಕೆ ಹರಡುತ್ತಿದ್ದ ಆನುವಂಶಿಕತೆಯ ಚಿಂತನೆಯೂ ಇಲ್ಲಿ ಒಂದನ್ನೊಂದು ಬಲಪಡಿಸಿದವು. ಮೊದಲಿಗೆ ಉತ್ತರ ಭಾರತದ ಪ್ರಾಂತಗಳಿಗೆ ಮಾತ್ರ ಅನ್ವಯವಾಗಿದ್ದ ಕಾಯಿದೆ 1876ರಲ್ಲಿ ಬಂಗಾಳಕ್ಕೂ 1911ರ ಹೊಸ ರೂಪದಲ್ಲಿ ಮದರಾಸು, ಮುಂಬಯಿಗಳನ್ನೂ ಒಳಗೊಂಡು ಇಡೀ ಬ್ರಿಟಿಷ್ ಭಾರತಕ್ಕೂ ವಿಸ್ತರಿಸಿತು. 1924ರಲ್ಲಿ ಇದನ್ನು ಇನ್ನೊಮ್ಮೆ ಕ್ರೋಡೀಕರಿಸಲಾಯಿತು.

ಅದರ ಕಾರ್ಯವಿಧಾನವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸರಕಾರ ಒಂದು ಸಮುದಾಯವನ್ನು ಅಪರಾಧಿ ಬುಡಕಟ್ಟೆಂದು ಅಧಿಸೂಚಿಸಿದರೆ ಆ ಅಧಿಸೂಚನೆಯನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿರಲಿಲ್ಲ. ಸಮುದಾಯದವರ ಹೆಸರನ್ನು ದಾಖಲೆಯಲ್ಲಿ ಬರೆಯಿಸಬೇಕು, ಬೆರಳಚ್ಚು ಕೊಡಬೇಕು, ಗೊತ್ತುಪಡಿಸಿದ ಹೊತ್ತಿನಲ್ಲಿ ಹಾಜರಿ ಹಾಕಬೇಕು, ಊರು ಬಿಡುವುದಾದರೆ ರಹದಾರಿ ಪಡೆಯಬೇಕು. ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ಕೈಗಾರಿಕಾ ಶಾಲೆಗಳಲ್ಲಿ ಇರಿಸುವುದಕ್ಕೂ ಅವಕಾಶವಿತ್ತು. ಅನುಮಾನಾಸ್ಪದ ಸನ್ನಿವೇಶದಲ್ಲಿ ಕಂಡುಬಂದರೆ ಮೂರು ವರ್ಷಗಳವರೆಗೆ ಸೆರೆ. ಅನುಸೂಚಿಯಲ್ಲಿ ಹೇಳಿದ ಅಪರಾಧಗಳಲ್ಲಿ ಎರಡನೆಯ ಬಾರಿ ದೋಷಿಯಾದರೆ ಏಳು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆ. ಮೂರನೆಯ ಬಾರಿಗೆ ಆಜೀವ ಗಡೀಪಾರು, ಅಂದರೆ ಜನ ಕರೆಯುತ್ತಿದ್ದ ಕರಿನೀರು. ವಿಶೇಷ ಕಾರಣಗಳಿದ್ದರೆ ಮಾತ್ರ ನ್ಯಾಯಾಧೀಶ ಇದನ್ನು ಕಡಿಮೆ ಮಾಡಬಹುದಿತ್ತು. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ 1994ರಲ್ಲಿ ಮೂರನೆಯ ತಪ್ಪಿಗೆ ಇಪ್ಪತ್ತೈದು ವರ್ಷದಿಂದ ಜೀವಾವಧಿಯವರೆಗಿನ ಶಿಕ್ಷೆಯೆಂಬ ಕಾನೂನನ್ನು ತಂದಾಗ ಜಗತ್ತು ಅದನ್ನು ಹೊಸ ಪ್ರಯೋಗವೆಂಬಂತೆ ಚರ್ಚಿಸಿತು. ಗಂಭೀರವಲ್ಲದ ಮೂರನೆಯ ತಪ್ಪಿಗೂ ಅದು ಅನ್ವಯವಾಗುತ್ತಿದ್ದುದನ್ನು 2012ರಲ್ಲಿ ಮತದಾರರೇ ಸಡಿಲಿಸಬೇಕಾಯಿತು. ಆ ಲೆಕ್ಕಾಚಾರ ಭಾರತಕ್ಕೆ ಹೊಸದಾಗಿರಲಿಲ್ಲ. ಇಲ್ಲಿ ಅದು ವ್ಯಕ್ತಿಯ ಜೊತೆಗೆ ಅವನ ಕುಲವನ್ನೂ ಎಣಿಸುತ್ತಿತ್ತು, ಅಷ್ಟೇ ವ್ಯತ್ಯಾಸ.

ದಂಡನೆ ಹೆಚ್ಚುತ್ತ ಹೋಗುವ ಕ್ರಮವನ್ನು ಜಿನಸೇನರ ಮಹಾಪುರಾಣವೂ ವಿವರಿಸುತ್ತದೆ. ಮೊದಲ ಐವರು ಕುಲಕರರ ಕಾಲದಲ್ಲಿ 'ಹಾ' ಎಂಬ ಉದ್ಗಾರವೇ ತಪ್ಪಿತಸ್ಥನಿಗೆ ಸಾಕಾದ ಶಿಕ್ಷೆ. ಮುಂದಿನ ಐವರ ಕಾಲಕ್ಕೆ 'ಮಾ' ಎಂಬ ನಿಷೇಧ ಸೇರಿತು. ಅನಂತರ 'ಧಿಕ್' ಎಂಬ ಧಿಕ್ಕಾರ. ವಧೆ, ಬಂಧನ ಮೊದಲಾದ ದೇಹದಂಡನೆ ಬಂದದ್ದು ಭರತನ ಕಾಲಕ್ಕೆ. ದಂಡ ಕಠಿಣವಾಗುವುದನ್ನು ಪುರಾಣಕಾರ ಕಾಲದ ಇಳಿತದ ಗುರುತಾಗಿ ಕಾಣುತ್ತಾನೆ. ಆಧುನಿಕ ಶಾಸನಗಳ ಪೀಠಿಕೆಗಳು ಅದನ್ನೇ ಸಾಧನೆಯೆಂದು ಬರೆಯುತ್ತವೆ. ಹತ್ತನೆಯ ಶತಮಾನದ ಸೋಮದೇವಸೂರಿ ನೀತಿವಾಕ್ಯಾಮೃತದಲ್ಲಿ ದಂಡ ದೋಷಕ್ಕೆ ತಕ್ಕಂತಿರಬೇಕು, ಅದು ಪ್ರಜಾಪಾಲನೆಗಾಗಿಯೇ ಹೊರತು ಧನಾರ್ಜನೆಗಾಗಿ ಅಲ್ಲ ಎಂದು ಹೇಳುವಾಗ ದೋಷವೆಂದರೆ ಎಸಗಿದ ಕೃತ್ಯವೇ. ಎಸಗದ ಕೃತ್ಯಕ್ಕೆ ದಂಡ ವಿಧಿಸುವ ಪ್ರಶ್ನೆ ಅಲ್ಲಿ ಏಳುವುದಿಲ್ಲ.

1871ರ ಕಾಯಿದೆ ಅಂಗೀಕಾರವಾದಾಗ ವೈಸರಾಯರ ಮಂಡಲಿಯಲ್ಲಿ ಕಾನೂನು ಸದಸ್ಯನಾಗಿದ್ದವನು ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್. ಐದು ತಿಂಗಳ ಬಳಿಕ, 1872ರ ಮಾರ್ಚ್‌ನಲ್ಲಿ, ಅವನೇ ರಚಿಸಿದ ಸಾಕ್ಷ್ಯ ಅಧಿನಿಯಮ ಬಂದಿತು. ಆರೋಪಿಯ ಕೆಟ್ಟ ನಡತೆ ಅವನ ಮೇಲಿನ ಆರೋಪವನ್ನು ಸಾಬೀತುಪಡಿಸಲು ಸಂಗತವಲ್ಲ ಎಂಬ ತತ್ತ್ವವನ್ನು ಆ ಅಧಿನಿಯಮ ಭಾರತೀಯ ನ್ಯಾಯಾಲಯಗಳಿಗೆ ಕಲಿಸಿತು. ಹೀಗೆ ಒಬ್ಬನೇ ಕಾನೂನು ಸದಸ್ಯನ ಅವಧಿಯಲ್ಲಿ ಎರಡು ನ್ಯಾಯಗಳು ಜೊತೆಯಾಗಿ ಹುಟ್ಟಿದವು: ನ್ಯಾಯಾಲಯದಲ್ಲಿ ಕೃತ್ಯವನ್ನು ಮಾತ್ರ ನೋಡುವ ನ್ಯಾಯ; ಠಾಣೆಯಲ್ಲಿ ಮನುಷ್ಯನನ್ನೇ ನೋಡುವ ನ್ಯಾಯ. ಅಪರಾಧಿ ಬುಡಕಟ್ಟುಗಳ ಕಾಯಿದೆ ರದ್ದಾಗಿ ಎಪ್ಪತ್ತು ವರ್ಷಗಳು ದಾಟಿವೆ. ಆದರೆ ಈ ಎರಡನೆಯ ನ್ಯಾಯ ರದ್ದಾಗಲಿಲ್ಲ ಎಂಬುದೇ ಆ ಕಾನೂನಿನ ನಿಜವಾದ ಪರಿಣಾಮ.

ಕನ್ನಡ ನಾಡಿನಲ್ಲಿ ಇದರ ಚರಿತ್ರೆ ಒಂದೇ ತೆರನಾಗಿಲ್ಲ. ನಾಡೇ ಹರಿದು ಹಂಚಿಹೋಗಿತ್ತು. ಕನ್ನಡ ಜಿಲ್ಲೆ ಎರಡಾಗಿ, ಉತ್ತರದ ಭಾಗ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಹೋಯಿತು. ಉಡುಪಿ, ಕಾರ್ಕಳಗಳನ್ನೊಳಗೊಂಡ ದಕ್ಷಿಣ ಕನ್ನಡ ಮದರಾಸಿನಲ್ಲಿಯೇ ಉಳಿಯಿತು. ಆದ್ದರಿಂದ ಇಂದಿನ ಉಡುಪಿ ಜಿಲ್ಲೆಯ ನೆಲದಲ್ಲಿ ನಡೆದದ್ದು ಮದರಾಸಿನ ಪೊಲೀಸ್ ಪದ್ಧತಿ. ಮದರಾಸು ಪ್ರಾಂತದಲ್ಲಿ ಈ ಕಾಯಿದೆಯ ಬಿಸಿ ಹೆಚ್ಚಾಗಿ ತಟ್ಟಿದ್ದು ಕೊರವ, ಕೊರಚ, ಎರುಕಲ ಎಂದು ಕರೆಯಲಾಗುವ ಅಲೆಮಾರಿ ಸಮುದಾಯಗಳಿಗೆ. ಕರಾವಳಿಯ ಉಪ್ಪನ್ನು ಎತ್ತು, ಕತ್ತೆಗಳ ಮೇಲೆ ಹೇರಿ ಒಳನಾಡಿಗೆ ಒಯ್ದು, ಅಲ್ಲಿಂದ ಧಾನ್ಯ ತರುವ ವ್ಯಾಪಾರ ಇವರದಾಗಿತ್ತು. ಸರಕಾರದ ಉಪ್ಪಿನ ನೀತಿ, ರೈಲು ಮತ್ತು ಅರಣ್ಯ ಕಾನೂನುಗಳು ಆ ವ್ಯಾಪಾರವನ್ನು ಮುರಿದ ಮೇಲೆಯೇ ಇವರು 'ಅಪರಾಧಿ'ಗಳಾಗಿ ಕಾಣತೊಡಗಿದರು ಎಂಬುದನ್ನು ಇತಿಹಾಸಕಾರ್ತಿ ಮೀನಾ ರಾಧಾಕೃಷ್ಣ 2001ರಲ್ಲಿ ಪ್ರಕಟವಾದ ತಮ್ಮ ಅಧ್ಯಯನದಲ್ಲಿ ತೋರಿಸಿದ್ದಾರೆ. ಘಟ್ಟ ಹತ್ತಿಳಿಯುವ ಹೇರೆತ್ತಿನ ಸಾಲುಗಳನ್ನು ಕಂಡಿದ್ದ ಆಗುಂಬೆಯಂತಹ ದಾರಿಗಳ ಕೆಳಗಿರುವ ಕಾರ್ಕಳ ಸೀಮೆಯವರಿಗೆ ಈ ವಿವರಣೆ ದೂರದ್ದೆನಿಸಲಾರದು. (ಹೆಸರಿನ ಸಾಮ್ಯದಿಂದ ಕೊರವರನ್ನೂ ತುಳುನಾಡಿನ ಕೊರಗರನ್ನೂ ಒಂದೆಂದು ಭಾವಿಸಬಾರದು. ಇವೆರಡೂ ಬೇರೆ ಬೇರೆ ಸಮುದಾಯಗಳು. ಕೊರಗರ ಪ್ರಸಂಗ ಮುಂದೆ ಬರುತ್ತದೆ.)

ಮದರಾಸಿನ ಪೊಲೀಸ್ ಠಾಣೆಗಳು ಕನ್ನಡಕ್ಕೆ ಒಂದು ಪದಾರ್ಥವನ್ನೂ ಕೊಟ್ಟಿವೆ. ಗೊತ್ತಾದ ಕಳ್ಳರ ದಾಖಲೆಗೆ ಅಲ್ಲಿ 'ಕೆ.ಡಿ.' ಎಂಬ ಇಂಗ್ಲಿಷ್ ಸಂಕ್ಷೇಪವಿತ್ತು. ಕೇಡು ಎಂಬುದರಿಂದ ಬಂದ ಕೇಡಿ, ಕೇಡಿಗ ಎಂಬ ಅಚ್ಚಗನ್ನಡ ಶಬ್ದಗಳು ಮೊದಲೇ ಇದ್ದುದರಿಂದ ಆ ಸಂಕ್ಷೇಪ ಇಲ್ಲಿ ಪರಕೀಯವೆನಿಸಲೇ ಇಲ್ಲ. ಕೇಡನ್ನು ಮಾಡಿದವನು ಎಂಬ ಅರ್ಥ, ಠಾಣೆಯ ಪುಸ್ತಕದಲ್ಲಿ ಹೆಸರಿರುವವನು ಎಂಬ ಅರ್ಥದೊಡನೆ ಸದ್ದಿಲ್ಲದೆ ಬೆರೆತುಹೋಯಿತು. ಭಾಷಾಶಾಸ್ತ್ರದ ವಿದ್ಯಾರ್ಥಿಗಳಿಗೆ ಇದೊಂದು ಸ್ವಾರಸ್ಯ. ಹೆಸರು ಬರೆಯಿಸಿಕೊಂಡವರಿಗೆ ಅಲ್ಲ.

ಮುಂಬಯಿ ಕರ್ನಾಟಕದಲ್ಲಿ ಕಾಯಿದೆಯ ಮುಖ ಬೇರೆ. ಅಲ್ಲಿ ಓ. ಎಚ್. ಬಿ. ಸ್ಟಾರ್ಟ್ ಎಂಬ ಐ.ಸಿ.ಎಸ್. ಅಧಿಕಾರಿ ಬಿಜಾಪುರದಿಂದ ಆರಂಭಿಸಿ 'ವಸಾಹತು'ಗಳ ದೊಡ್ಡ ವ್ಯವಸ್ಥೆಯನ್ನು ಕಟ್ಟಿದ. ಬಿಜಾಪುರ, ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿ ತಂತಿಬೇಲಿಯೊಳಗೆ ಗಂಟಿಚೋರ, ಹರಣಶಿಕಾರಿ, ಕೊರವ, ಕೈಕಾಡಿ ಮೊದಲಾದ ಸಮುದಾಯಗಳ ಕುಟುಂಬಗಳನ್ನು ನೆಲೆಗೊಳಿಸಲಾಯಿತು. ಹುಬ್ಬಳ್ಳಿಯಲ್ಲಿ ಹತ್ತಿ ಗಿರಣಿಯೂ ರೈಲ್ವೆ ಕಾರ್ಯಾಗಾರವೂ ಹತ್ತಿರದಲ್ಲಿದ್ದುದು ಆಕಸ್ಮಿಕವಲ್ಲ. ಓಡಿಹೋಗಲಾರದ, ಹಾಜರಿ ತಪ್ಪಿಸಲಾರದ ಕೂಲಿಯವರು ಯಾವ ಗಿರಣಿಗೆ ಬೇಡ? ಸ್ಟಾರ್ಟ್ ಕ್ರೂರಿಯಾಗಿರಲಿಲ್ಲ. ಶಾಲೆ, ವೈದ್ಯ, ಸಹಕಾರಿ ಸಂಘ ಎಲ್ಲವನ್ನೂ ಅವನ ವಸಾಹತುಗಳು ತಂದವು. ಅಲ್ಲಿ ಓದಿ ಮೇಲೆ ಬಂದ ಕುಟುಂಬಗಳೂ ಇವೆ. ಆದರೆ ಅಪರಾಧವೆಸಗಿದ್ದಾರೆಂದು ಯಾರೂ ಸಾಬೀತುಪಡಿಸದ ಜನರಿಗೆ ಕೊಟ್ಟ ಸುಧಾರಣೆ ಅದು. ಬೇಲಿ ಹೋದರೂ ಹುಬ್ಬಳ್ಳಿಯ ಜನ ಆ ಬಡಾವಣೆಯನ್ನು ಇಂದಿಗೂ ಸೆಟ್ಲಮೆಂಟ್ ಎಂದೇ ಕರೆಯುತ್ತಾರೆ.

ಸ್ವಾತಂತ್ರ್ಯ ಚಳವಳಿಯ ನಾಯಕರು ಈ ಕಾಯಿದೆಯನ್ನು ವಿರೋಧಿಸಿದ್ದರು. 1936ರಲ್ಲಿ ನೆಲ್ಲೂರಿನಲ್ಲಿ ನೆಹರೂ ಕಟುವಾಗಿಯೇ ಮಾತನಾಡಿದರು. ಮದರಾಸು ಸರಕಾರ 1947ರಲ್ಲಿ ತನ್ನ ಪ್ರಾಂತದಲ್ಲಿ ಅದನ್ನು ರದ್ದುಪಡಿಸಿತು. ಅನಂತಶಯನಂ ಅಯ್ಯಂಗಾರ್ ಸಮಿತಿಯ ವರದಿಯ ಬಳಿಕ 1952ರ ಆಗಸ್ಟ್ 31ರಂದು ಇಡೀ ದೇಶದಲ್ಲಿ ಅದು ರದ್ದಾಯಿತು. ನೂರಕ್ಕೂ ಹೆಚ್ಚು ಸಮುದಾಯಗಳು ಅಂದಿನಿಂದ ವಿಮುಕ್ತರೆನಿಸಿಕೊಂಡವು. ಆದರೆ ರದ್ದತಿಯ ಜೊತೆಜೊತೆಗೇ ಬದಲಿ ಕಾನೂನುಗಳು ಸಿದ್ಧವಾಗಿದ್ದವು: ಮುಂಬಯಿಯಲ್ಲಿ 1947ರಲ್ಲಿ, ಮದರಾಸಿನಲ್ಲಿ 1948ರಲ್ಲಿ ರೂಢಿಗತ ಅಪರಾಧಿಗಳ ನಿರ್ಬಂಧ ಕಾಯಿದೆಗಳು ಬಂದವು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿದಾಗ ಹೀಗೆ ಒಂದೊಂದು ಭಾಗವೂ ತನ್ನ ತನ್ನ ಹಳೆಯ ಪ್ರಾಂತದ ಕಾನೂನನ್ನು ಹೊತ್ತುಕೊಂಡೇ ಬಂದಿತು. 1961ರ ರೂಢಿಗತ ಅಪರಾಧಿಗಳ ಕಾಯಿದೆ ಇಡೀ ರಾಜ್ಯಕ್ಕೆ ಒಂದೇ ಶಾಸನವನ್ನು ನೀಡಿತು. ಜಾತಿಯ ಹೆಸರು ಶಾಸನದಿಂದ ಹೋಯಿತು. ಹಲವು ಬಾರಿ ಶಿಕ್ಷೆಗೊಳಗಾದ ವ್ಯಕ್ತಿ ಎಂಬ ವ್ಯಾಖ್ಯೆ ಅದರ ಸ್ಥಾನಕ್ಕೆ ಬಂತು. ದಾಖಲೆಯಲ್ಲಿ ಹೆಸರು ಬರೆಯುವುದು, ಬೆರಳಚ್ಚು ಪಡೆಯುವುದು, ಸಂಚಾರಕ್ಕೆ ನಿರ್ಬಂಧ ಹಾಕುವುದು ಇವೆಲ್ಲ ಉಳಿದವು. ವ್ಯಾಖ್ಯೆ ಜಾತ್ಯತೀತವಾದ ಮಾತ್ರಕ್ಕೆ ಫಲವೂ ಹಾಗಾಗಲಿಲ್ಲ. ಯಾವ ಕೇರಿಯಲ್ಲಿ ಪೊಲೀಸರು ಮೊದಲು ಹುಡುಕುತ್ತಾರೋ ಆ ಕೇರಿಯವರಿಗೆ ಮೂರು ಶಿಕ್ಷೆಗಳು ಬೇಗ ಕೂಡಿಬರುತ್ತವೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2000ದಲ್ಲಿ, ಜನಾಂಗೀಯ ತಾರತಮ್ಯ ನಿರ್ಮೂಲನೆಯ ವಿಶ್ವಸಂಸ್ಥೆಯ ಸಮಿತಿ 2007ರಲ್ಲಿ ಇಂಥ ಕಾನೂನುಗಳನ್ನು ಕೈಬಿಡುವಂತೆ ಹೇಳಿದ್ದಕ್ಕೆ ಇದೇ ಕಾರಣ.

ಅಲ್ಲಿಂದ ಮುಂದೆ ಈ ವಿಚಾರಸರಣಿ ಅಲೆಮಾರಿಗಳನ್ನು ದಾಟಿ ಎಲ್ಲರತ್ತ ಚಾಚಿತು. ಕಾಪು ಇರಲಿ, ಕಾರ್ಕಳ ಇರಲಿ, ಮಣಿಪಾಲ ಇರಲಿ, ರಾಜ್ಯದ ಠಾಣೆಗಳಲ್ಲಿ ಇಂದು ರೌಡಿ ಪಟ್ಟಿಯಿದೆ. ಅದಕ್ಕೆ ಆಧಾರ ಪೊಲೀಸ್ ಕೈಪಿಡಿಯ ಆದೇಶವೇ ಹೊರತು ಶಾಸನಸಭೆ ಅಂಗೀಕರಿಸಿದ ಕಾನೂನಲ್ಲ. ಚುನಾವಣೆ, ಹಬ್ಬಗಳ ಮುನ್ನ ಪಟ್ಟಿಯಲ್ಲಿದ್ದವರನ್ನು ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ ಎಚ್ಚರಿಕೆ ಕೊಡುವ ರೌಡಿ ಪರೇಡು ವಸಾಹತಿನ ಹಾಜರಿಯ ನೇರ ಸಂತತಿ. 1963ರ ಕರ್ನಾಟಕ ಪೊಲೀಸ್ ಕಾಯಿದೆಯ 55ನೆಯ ಪ್ರಕರಣ ಅಪರಾಧ ಎಸಗಬಹುದಾದ ವ್ಯಕ್ತಿಯನ್ನು ಜಿಲ್ಲೆಯಿಂದ ಹೊರಹಾಕಲು ಅವಕಾಶ ಕೊಡುತ್ತದೆ. ಕರಾವಳಿಯ ಪತ್ರಿಕೆಗಳನ್ನು ಓದುವವರಿಗೆ 'ಗಡೀಪಾರು' ಎಂಬ ಶಬ್ದ ಅಪರಿಚಿತವಲ್ಲ.

ಇವೆಲ್ಲಕ್ಕಿಂತ ತೀಕ್ಷ್ಣವಾದದ್ದು ಜನ ಗೂಂಡಾ ಕಾಯಿದೆ ಎಂದು ಕರೆಯುವ 1985ರ ರಾಜ್ಯ ಶಾಸನ. ಉಡುಪಿಯ ಮಟ್ಟಿಗೆ ಹೇಳುವುದಾದರೆ, ಮಣಿಪಾಲದ ರಜತಾದ್ರಿಯಲ್ಲಿ ಕಚೇರಿಯಿರುವ ಜಿಲ್ಲಾಧಿಕಾರಿ ಸರಕಾರದ ಅಧಿಕಾರದಿಂದ ಬಂಧನದ ಆದೇಶ ಹೊರಡಿಸಬಹುದು. ರಾಜ್ಯ ಸರಕಾರ ಹನ್ನೆರಡು ದಿನಗಳಲ್ಲಿ ಅದನ್ನು ಅನುಮೋದಿಸಬೇಕು. ಸಲಹಾ ಮಂಡಲಿ ಒಪ್ಪಿದರೆ ವಿಚಾರಣೆಯೇ ಇಲ್ಲದೆ ಹನ್ನೆರಡು ತಿಂಗಳು ಸೆರೆ. ಗೂಂಡಾ ಎಂದರೆ ಯಾರು? ದಂಡಸಂಹಿತೆಯ ಕೆಲವು ಅಧ್ಯಾಯಗಳ ಅಪರಾಧಗಳನ್ನು 'ರೂಢಿಯಾಗಿ' ಮಾಡುವವನು. 1871ರ ಮಗುವೇ ಈ ಕ್ರಿಯಾವಿಶೇಷಣ. 2014ರ ತಿದ್ದುಪಡಿ ಈ ಪಟ್ಟಿಗೆ ಇನ್ನಷ್ಟು ಬಗೆಯವರನ್ನು, ಧ್ವನಿಮುದ್ರಿಕೆ, ಚಲನಚಿತ್ರಗಳನ್ನು ಕದ್ದು ನಕಲು ಮಾಡುವವರನ್ನೂ ಸೇರಿಸಿತು. ಸಾಮಾನ್ಯ ಕಾನೂನೇ ಸಾಕಾಗುವಲ್ಲಿ ಮುಂಜಾಗ್ರತಾ ಬಂಧನ ಅಕ್ರಮ ಎಂದು ಸರ್ವೋಚ್ಚ ನ್ಯಾಯಾಲಯ 2011ರ ರೇಖಾ ಪ್ರಕರಣದಲ್ಲಿ ಹೇಳಿತು; ಆದರೆ ಸಾಕ್ಷ್ಯ ಕೂಡಿಸುವ ಶ್ರಮಕ್ಕಿಂತ ಆದೇಶ ಬರೆಯುವುದು ಸುಲಭ. ಬಿಗಿ ಕಾನೂನಿನಿಂದ ನ್ಯಾಯವ್ಯವಸ್ಥೆಗೆ ಆಗುವ ನಷ್ಟ ಇಲ್ಲಿದೆ: ತನಿಖೆಯ ಕಸುಬು ಮರೆತುಹೋಗುತ್ತದೆ. ಯಮದಂಡನಿಗೆ ಒದಗಿದ ಕಷ್ಟ ಇಂದಿನ ತಳಾರರಿಗೆ ಒದಗುವುದೇ ಇಲ್ಲ.

ವಿಚಾರಣೆಯೇ ಶಿಕ್ಷೆಯಾಗುವ ಬಗೆಯೂ ಈ ಸೀಮೆಗೆ ಪರಿಚಿತ. ಕಾರ್ಕಳದ ಅಂಚಿಗಿರುವ ಬೆಳ್ತಂಗಡಿ ತಾಲೂಕಿನ ಘಟ್ಟದ ತಪ್ಪಲಿನ ಮಲೆಕುಡಿಯ ವಿದ್ಯಾರ್ಥಿಯೊಬ್ಬನನ್ನು 2012ರಲ್ಲಿ ನಕ್ಸಲ್ ನಂಟಿನ ಆರೋಪದ ಮೇಲೆ ಅಕ್ರಮ ಚಟುವಟಿಕೆ ತಡೆ ಕಾಯಿದೆಯಡಿ ಬಂಧಿಸಲಾಯಿತು. ರಾಜದ್ರೋಹದ ಆರೋಪವೂ ಸೇರಿತ್ತು. ಪುರಾವೆಗಳಲ್ಲಿ ಭಗತ್ ಸಿಂಗ್ ಕುರಿತ ಒಂದು ಪುಸ್ತಕವೂ ಊರಿಗೆ ಸೌಕರ್ಯ ಬೇಡುವ ಪತ್ರವೂ ಇದ್ದವು. ಮಂಗಳೂರಿನ ನ್ಯಾಯಾಲಯ ಅವನನ್ನೂ ಅವನ ತಂದೆಯನ್ನೂ ನಿರ್ದೋಷಿಗಳೆಂದು ಬಿಡುಗಡೆ ಮಾಡಿದ್ದು 2021ರ ಅಕ್ಟೋಬರ್‌ನಲ್ಲಿ. ನಡುವೆ ಕಳೆದದ್ದು ಒಂಬತ್ತೂವರೆ ವರ್ಷ. ದೇಶದ ಕಾರಾಗೃಹಗಳಲ್ಲಿರುವವರ ಪೈಕಿ ನಾಲ್ಕರಲ್ಲಿ ಮೂರು ಪಾಲು ವಿಚಾರಣಾಧೀನರು ಎಂಬ 2022ರ ಅಂಕಿ ಅಂಶವನ್ನು ಇದರೊಡನೆ ಇಟ್ಟು ನೋಡಬೇಕು.

ಅದೇ 2021ರ ಡಿಸೆಂಬರ್ ಕೊನೆಯಲ್ಲಿ ಉಡುಪಿ ಜಿಲ್ಲೆಯ ಕೋಟತಟ್ಟುವಿನ ಕೊರಗ ಕಾಲೊನಿಯಲ್ಲಿ ಮದುವೆಯ ಮುನ್ನಾದಿನದ ಮೆಹಂದಿ ನಡೆಯುತ್ತಿತ್ತು. ಧ್ವನಿವರ್ಧಕದ ಸದ್ದಿನ ದೂರಿನ ಮೇಲೆ ಬಂದ ಪೊಲೀಸರು ಮದುಮಗನೂ ಸೇರಿದಂತೆ ನೆರೆದವರ ಮೇಲೆ ಲಾಠಿ ಬೀಸಿದರು. ಉಪನಿರೀಕ್ಷಕರ ಅಮಾನತಾಯಿತು, ಬೆನ್ನಲ್ಲೇ ಕರ್ತವ್ಯಕ್ಕೆ ಅಡ್ಡಿಯೆಂಬ ಪ್ರಕರಣ ಪೆಟ್ಟು ತಿಂದವರ ಮೇಲೂ ದಾಖಲಾಯಿತು. ಕೊರಗರು ಅಪರಾಧಿ ಬುಡಕಟ್ಟಿನ ಪಟ್ಟಿಯ ಸಮುದಾಯವಲ್ಲ. ಅವರ ಪಾಲಿಗೆ ಬಂದದ್ದು ಅಜಲಿನಂತಹ ಅವಮಾನ. ಅದನ್ನು ನಿಷೇಧಿಸುವ ಪ್ರತ್ಯೇಕ ಕಾಯಿದೆ 2000ದಲ್ಲಿಯೇ ಬಂದಿದೆ. ದುರ್ಬಲರನ್ನು ಕಾಯಲು ಬಂದ ಶಾಸನಗಳು ಠಾಣೆಗೆ ಇಳಿಯುವ ವೇಗಕ್ಕೂ ದುರ್ಬಲರ ಮೇಲೆ ಬೀಳುವ ಶಾಸನಗಳ ವೇಗಕ್ಕೂ ಎಷ್ಟು ಅಂತರವಿದೆ ಎಂಬುದಕ್ಕೆ ಕೋಟತಟ್ಟು ಸಾಕ್ಷಿ.

2024ರ ಜುಲೈ 1ರಿಂದ ದಂಡಸಂಹಿತೆಗಳು ಹೆಸರು ಬದಲಿಸಿಕೊಂಡಿವೆ. ರೂಢಿಗತ ಅಪರಾಧಿಗಳಿಂದ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಳ್ಳುವ ಹಳೆಯ 110ನೆಯ ಪ್ರಕರಣ ನಾಗರಿಕ ಸುರಕ್ಷಾ ಸಂಹಿತೆಯ 129ನೆಯದಾಗಿದೆ. ನ್ಯಾಯ ಸಂಹಿತೆಯ 112ನೆಯ ಪ್ರಕರಣವಂತೂ ಗುಂಪಿನವರು ಎಸಗುವ ಕಳವು, ಸರ ಕಸಿಯುವಿಕೆ, ಜೂಜುಗಳಿಗೆ 'ಸಣ್ಣ ಸಂಘಟಿತ ಅಪರಾಧ'ವೆಂಬ ಹೊಸ ಹೆಸರಿಟ್ಟು ಕನಿಷ್ಠ ಒಂದು ವರ್ಷದ ಶಿಕ್ಷೆಯನ್ನು ಗೊತ್ತುಮಾಡಿದೆ. ಅದೇ ವರ್ಷದ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಕಾರಾಗೃಹಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನೂ ವಿಮುಕ್ತ ಸಮುದಾಯದವರನ್ನು ಹುಟ್ಟಿನಿಂದಲೇ ರೂಢಿಗತ ಅಪರಾಧಿಗಳೆಂದು ಎಣಿಸುವ ಕೈಪಿಡಿಗಳ ಭಾಗಗಳನ್ನೂ ಅಸಿಂಧುಗೊಳಿಸಿತು. ಕೈದಿಗಳ ದಾಖಲೆಯಲ್ಲಿ ಜಾತಿಯ ಕಾಲಂ ಇರಕೂಡದೆಂದಿತು. ವಿಮುಕ್ತರನ್ನು ಮನಸ್ಸಿಗೆ ಬಂದಂತೆ ಬಂಧಿಸಕೂಡದೆಂದು ಪೊಲೀಸರಿಗೂ ಸೂಚಿಸಿತು. ರದ್ದತಿಯಾಗಿ ಎಪ್ಪತ್ತೆರಡು ವರ್ಷಗಳ ಬಳಿಕವೂ ಇದನ್ನು ಹೇಳಬೇಕಾದ ಅಗತ್ಯವಿತ್ತು.

ಕಾರಾಗೃಹದ ದಾಖಲೆಯಿಂದ ಜಾತಿಯ ಕಾಲಂ ಹೋಗಬಹುದು. ಶಾಲೆಯ ದಾಖಲೆಯ ಮಾತು ಬೇರೆ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಇಂದಿಗೂ 'ಗಂಟಿ ಚೋರ್' ಎಂಬ ನಮೂದು ಇದೆ. ಗಂಟು ಕದಿಯುವವರು ಎಂದು ಅನ್ಯರು ಇಟ್ಟ ಹೆಸರೇ ಸಮುದಾಯದ ಅಧಿಕೃತ ನಾಮಧೇಯವಾಗಿದೆ. 341ನೆಯ ವಿಧಿಯ ಪ್ರಕಾರ ಆ ಪಟ್ಟಿಯ ಒಂದಕ್ಷರವನ್ನು ತಿದ್ದಬೇಕಾದರೂ ಸಂಸತ್ತಿನ ಕಾನೂನು ಬೇಕು. ಅಲ್ಲಿಯವರೆಗೆ ವಿದ್ಯಾರ್ಥಿವೇತನ ಬೇಕೆನ್ನುವ ಆ ಸಮುದಾಯದ ಮಗು ತಹಶೀಲ್ದಾರರ ಸಹಿಯಿರುವ, ಚೋರ ಎಂಬ ಶಬ್ದವನ್ನು ಹೊತ್ತ ಪ್ರಮಾಣಪತ್ರವನ್ನೇ ಶಾಲೆಗೆ ಒಯ್ಯಬೇಕು.